ಕಾಲಿನ ಬೈಪಾಸಿಗೆ ಗ್ಯಾರಂಟಿ ಎಷ್ಟು ವರ್ಷ?

ದಾವಣಗೆರೆ ಮಂಡಿಪೇಟೆಯ ಅಂಗಡಿಯವರಿಗೆಲ್ಲ ಈ ಗಿರಾಕಿ ಗೊತ್ತು. ವಯಸ್ಸು ಐವತ್ತೈದು, ಅರವತ್ತು. ಬಸ್ ಸ್ಟ್ಯಾಂಡಿನಲ್ಲಿಳಿದು ನಡೆದು ಬರ್ತಾನೆ. ಸೀರೆ ಅಂಗಡಿ ಮುಂದೆ ನಿಲ್ತಾನೆ. ಗೊಂಬೆಗೆ ಉಡಿಸಿದ ಸೀರೆಯನ್ನು ಮೂರು ನಿಮಿಷ ಕಣ್ಣು ಮಿಟುಕಿಸದೆ ನೋಡ್ತಾನೆ. "ಬರ್ರಿ ಯಜಮಾನ್ರೇ, ಒಳಗೆ ಬರ್ರಿ" ಎಂದು ಹುಡುಗ ಕರೆದರೆ ಬೇಡವೆಂದು ಕೈ ಆಡಿಸಿ ಮುಂದಕ್ಕೆ ಹೋಗ್ತಾನೆ. ಅಲ್ಲಿಂದ ನೂರು ಮಾರು ದೂರದಲ್ಲಿ ಪಾತ್ರೆ ಅಂಗಡಿ. ಅಲ್ಲೂ ಒಂದು ನಿಲುಗಡೆ. ಕೊಡಪಾನ ನೋಡ್ತಾನೆ, ರೇಟು ಕೇಳೋದಿಲ್ಲ.

"ಕೊಳ್ಳೋ ಗಿರಾಕಿ ಅಲ್ಲ ಬಿಡು" ಎಂದು ಗಲ್ಲಾದ ಮೇಲೆ ಕೂತವರು ಗೊಣಗುವುದು ಸಹಜ. ಆದರೆ ಆ ಮನುಷ್ಯ ನಿಂತದ್ದು ಸೀರೆಗೂ ಅಲ್ಲ, ಕೊಡಪಾನಕ್ಕೂ ಅಲ್ಲ. ಅವನ ಮೀನಖಂಡ ಹಿಂಡುತ್ತಿದೆ. ಹೆಜ್ಜೆ ಎತ್ತಲಾರ. ರಸ್ತೆ ನಡುವೆ ಸುಮ್ಮನೆ ನಿಂತರೆ ನಾಲ್ಕು ಜನ ನೋಡ್ತಾರೆ, ಅದಕ್ಕೆ ಅಂಗಡಿ ನೋಡುವ ನಾಟಕ. ಎರಡು ಮೂರು ನಿಮಿಷ ನಿಂತರೆ ನೋವು ಇಳಿಯುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು.

ಜರ್ಮನ್ನರು ಈ ಕಾಯಿಲೆಯನ್ನು "ಅಂಗಡಿ ಕಿಟಕಿ ರೋಗ" ಅಂತಲೇ ಕರೀತಾರೆ. ದೇಶ ಯಾವುದಾದರೇನು, ನೋವು ಮುಚ್ಚಿಡುವ ಉಪಾಯ ಒಂದೇ.

ವಿಷಯ ಇಷ್ಟೆ. ಕಾಲಿಗೆ ಶುದ್ಧ ರಕ್ತ ಒಯ್ಯುವ ನಾಳದ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿಕೊಂಡು ದಾರಿ ಕಿರಿದಾಗಿದೆ. ಕೂತಾಗ ಬೇಕಾದ ರಕ್ತ ಹೇಗೋ ಸಾಕಾಗುತ್ತದೆ. ನಡೆಯುವಾಗ ಸ್ನಾಯು ಹೆಚ್ಚು ಕೇಳುತ್ತದೆ, ನಾಳ ಕೊಡಲಾರದು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ., ಕೊಬ್ಬು, ವಯಸ್ಸು, ಈ ಐದು ಸೇರಿದರೆ ಕೆಲಸ ಪೂರೈಸಿದಂತೆ. ಹೃದಯದ ನಾಳ ಕಟ್ಟಿಕೊಳ್ಳುವುದೂ ಇದೇ ರೀತಿಯಲ್ಲೇ. ಆದರೆ ಎದೆ ನೋವು ಅಂದರೆ ಮನೆಯವರೆಲ್ಲ ಆಟೋ ಹುಡುಕಿಕೊಂಡು ಓಡ್ತಾರೆ. ಕಾಲು ನೋವು ಅಂದರೆ? "ವಾತ ಆಗಿರಬೇಕು", "ನರ ಹಿಡಿದಿದೆ", "ಬಿಸಿ ಎಣ್ಣೆ ತಿಕ್ಕಿಸ್ಕೊ". ಒಬ್ಬರು ಪಟ್ಟು ಹಾಕುವವನ ವಿಳಾಸ ಕೊಟ್ಟರೆ ಇನ್ನೊಬ್ಬರು ಬೆನ್ನುಮೂಳೆ ಎಕ್ಸ್‌ರೇ ತೆಗೆಸು ಅಂತಾರೆ. ಹೀಗೆ ಆರು ತಿಂಗಳು, ವರ್ಷ ಕಳೆಯುತ್ತದೆ.

ಅಷ್ಟರಲ್ಲಿ ಕೆಲವರಿಗೆ ರಾತ್ರಿ ಮಲಗಿದಾಗಲೇ ಪಾದ ಉರಿಯಲು ಶುರುವಾಗುತ್ತದೆ. ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಸ್ವಲ್ಪ ಹಾಯೆನ್ನಿಸುತ್ತದೆ. ಇಂಥವರು ರಾತ್ರಿಯಿಡೀ ಕುರ್ಚಿಯಲ್ಲೇ ಕೂತು ಬೆಳಗು ಮಾಡ್ತಾರೆ. ಆಮೇಲೆ ಚಪ್ಪಲಿ ಕಚ್ಚಿ ಆದ ಒಂದು ಸಣ್ಣ ಗಾಯ. ಅದು ಒಣಗೋದಿಲ್ಲ. ಬೆರಳು ಕಪ್ಪಗಾಗುತ್ತದೆ. ಆಗ ಆಸ್ಪತ್ರೆ. ಆಗ "ಬೈಪಾಸು" ಎನ್ನುವ ಮಾತು ಮೊದಲ ಸಲ ಕಿವಿಗೆ ಬೀಳುತ್ತದೆ.

ಬೈಪಾಸ್ ಅಂದರೆ ಏನು ಅಂತ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪುಣೆಯಿಂದ ಬೆಂಗಳೂರಿಗೆ ಹೋಗುವ ಲಾರಿ ಪಿ.ಬಿ. ರೋಡಿನ ಗದ್ದಲಕ್ಕೆ ಬರೋದಿಲ್ಲ, ಊರಾಚೆಯೇ ಸುತ್ತು ಹಾಕಿ ಹೋಗುತ್ತದೆ. ಕಾಲಿನಲ್ಲೂ ಹಾಗೇ. ಕಟ್ಟಿಕೊಂಡ ಜಾಗದ ಮೇಲೊಂದು ತೂತು, ಕೆಳಗೊಂದು ತೂತು, ನಡುವೆ ಹೊಸ ನಾಳದ ಜೋಡಣೆ. ಈ ಕೆಲಸವನ್ನು ಮೊದಲು ಮಾಡಿ ತೋರಿಸಿದವನು ಪ್ಯಾರಿಸಿನ ಜಾನ್ ಕುನ್ಲಿನ್ ಎಂಬ ಸರ್ಜನ್, 1948ರಲ್ಲಿ. ರೋಗಿಯ ತೊಡೆಯ ಚರ್ಮದಡಿಯ ಉದ್ದನೆಯ ಮಲಿನ ರಕ್ತದ ನಾಳವನ್ನೇ ಬಿಡಿಸಿ ಶುದ್ಧ ರಕ್ತದ ದಾರಿ ಮಾಡಿದ. ಆ ನಾಳದೊಳಗೆ ರಕ್ತ ಹಿಂದಕ್ಕೆ ಜಾರದಂತೆ ಕವಾಟಗಳಿರುತ್ತವೆ, ಆದ್ದರಿಂದ ತಲೆಕೆಳಗು ಮಾಡಿ ಹೊಲಿಯಬೇಕು. ಮುಕ್ಕಾಲು ಶತಮಾನ ಕಳೆದರೂ ಈ ವಿದ್ಯೆಯ ತಿರುಳು ಬದಲಾಗಿಲ್ಲ.

ಈಗ ಪ್ರಶ್ನೆಗೆ ಬರೋಣ. ಒಂದು ಮಿಕ್ಸಿ ಕೊಂಡರೂ "ಗ್ಯಾರಂಟಿ ಎಷ್ಟು ವರ್ಷ?" ಎಂದು ಕೇಳುವ ಜನ, ಹೊಲದ ಮೇಲೆ ಸಾಲ ಎತ್ತಿ ಕಾಲಿನ ಆಪರೇಷನ್ ಮಾಡಿಸುವಾಗ ಈ ಪ್ರಶ್ನೆ ಕೇಳುವುದೇ ಇಲ್ಲ. ಡಾಕ್ಟರು ಹೇಳಿದಲ್ಲಿ ಹೆಬ್ಬೆಟ್ಟು. ಕೇಳಿದರೆ ಡಾಕ್ಟರಿಗೆ ಕೋಪ ಬಂದೀತು ಎನ್ನುವ ಭಯ. ಬಂದರೆ ಬರಲಿ. ಕಾಲು ಯಾರದು?

ಈ ಗ್ಯಾರಂಟಿಯಲ್ಲಿ ಒಂದಲ್ಲ, ಮೂರು ಲೆಕ್ಕ ಇವೆ. ಇವನ್ನು ಕಲಸಿಬಿಟ್ಟರೆ ಮೋಸ ಹೋದ ಹಾಗೆ. ಹಾಕಿದ ನಾಳ ತೆರೆದಿದೆಯೇ ಎನ್ನುವುದು ಒಂದು. ಕಾಲು ಉಳಿದಿದೆಯೇ ಎನ್ನುವುದು ಇನ್ನೊಂದು. ಮನುಷ್ಯ ಉಳಿದಿದ್ದಾನೆಯೇ ಎನ್ನುವುದು ಮೂರನೆಯದು. ನಾಳ ಮುಚ್ಚಿಹೋದರೂ, ಅಷ್ಟರಲ್ಲಿ ಗಾಯ ಒಣಗಿದ್ದರೆ ಕಾಲು ಉಳಿಯುವುದುಂಟು. ನಾಳ ಚೆನ್ನಾಗಿ ಹರಿಯುತ್ತಿದ್ದು ಮನುಷ್ಯನೇ ಹೃದಯಾಘಾತದಲ್ಲಿ ಹೋಗುವುದೂ ಉಂಟು.

ಅಮೆರಿಕ ಮತ್ತು ಕೆನಡಾದ 83 ಆಸ್ಪತ್ರೆಗಳಲ್ಲಿ, ಕಾಲು ಹೋಗುವ ಅಪಾಯಕ್ಕೆ ಬಂದಿದ್ದ 1404 ಜನರಿಗೆ ಸ್ವಂತ ನಾಳದಿಂದಲೇ ಬೈಪಾಸ್ ಮಾಡಿದ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳಲ್ಲೇ ತೀರಿಕೊಂಡವರು ನೂರಕ್ಕೆ ಮೂರಕ್ಕಿಂತ ಸ್ವಲ್ಪ ಕಡಿಮೆ. ವರ್ಷ ಮುಗಿದಾಗ ಕಾಲು ಉಳಿದದ್ದು ನೂರಕ್ಕೆ 88. ಹಾಕಿದ ನಾಳ ಮತ್ತೆ ಕೈ ಹಾಕದೆ ತೆರೆದೇ ಇದ್ದದ್ದು 61 ಮಾತ್ರ. ಬಲೂನೋ ಚಾಕುವೋ ಹಾಕಿ ರಿಪೇರಿ ಮಾಡಿದ ಮೇಲೆ ಆ ಅಂಕಿ 80ಕ್ಕೆ ಏರಿತು. ವರ್ಷದೊಳಗೆ ಸತ್ತವರು ನೂರಕ್ಕೆ 16.

ಈ ಅಂಕಿಗಳನ್ನು ಇನ್ನೊಂದು ಸಲ ನಿಧಾನಕ್ಕೆ ಓದಬೇಕು. 61ರಿಂದ 80ಕ್ಕೆ ಏರಿಸಿದ ಆ 19 ಇದೆಯಲ್ಲ, ಅದು ಪುಣ್ಯದಿಂದ ಬಂದದ್ದಲ್ಲ. ತಪಾಸಣೆಗೆ ವಾಪಸ್ ಬಂದವರಿಂದ ಬಂದದ್ದು. ಹೊಸ ನಾಳ ಮೊದಲ ತಿಂಗಳಲ್ಲಿ ಮುಚ್ಚಿದರೆ ಬಹುಪಾಲು ಹೊಲಿಗೆಯ, ಜೋಡಣೆಯ ದೋಷ. ಆಮೇಲಿನ ಎರಡು ವರ್ಷದಲ್ಲಿ ಮುಚ್ಚಿದರೆ, ಜೋಡಿಸಿದ ಕಡೆ ಒಳಪದರ ದಪ್ಪಗೆ ಬೆಳೆದು ದಾರಿ ಕಿರಿದಾಗಿದ್ದು. ಅದಕ್ಕೂ ಆಚೆಗೆ ಹಳೆಯ ರೋಗದ್ದೇ ಮುಂದುವರಿದ ಭಾಗ. ನಡುವಣ ಈ ಕಿರಿದಾಗುವಿಕೆ ಮೊದಲೇ ಕಣ್ಣಿಗೆ ಬಿದ್ದರೆ ಸುಲಭದಲ್ಲಿ ಸರಿಮಾಡಬಹುದು. ಪೂರ್ತಿ ಮುಚ್ಚಿದ ಮೇಲೆ ಬಂದರೆ ಡಾಕ್ಟರೂ ಕೈಚೆಲ್ಲಬೇಕಾದೀತು. ಮೊದಲೆರಡು ವರ್ಷ ಆಗಾಗ್ಗೆ ಸ್ಕ್ಯಾನಿಂಗಿಗೆ ಬನ್ನಿ ಅಂತ ಹೇಳೋದು ಬಿಲ್ಲು ಬೆಳೆಸೋಕೆ ಎಂದು ತಿಳಿದವರು ಅನೇಕರು. ಎಲ್ಲ ಆಸ್ಪತ್ರೆಯನ್ನೂ ಇಲ್ಲಿ ಸಮರ್ಥಿಸುತ್ತಿಲ್ಲ, ಆದರೆ ಈ ವಿಷಯದಲ್ಲಿ ಡಾಕ್ಟರು ಹೇಳೋದು ನಿಜ.

ಇನ್ನು ನಾಳದ ಜಾತಿ. ಸ್ವಂತ ನಾಳ ಸಿಗದಿದ್ದರೆ ಕೃತಕ ಕೊಳವೆ ಹಾಕ್ತಾರೆ. ದೋಸೆ ಅಂಟದ ಹಂಚಿಗೆ ಬಳಿಯುವ ಟೆಫ್ಲಾನ್ ಇದೆಯಲ್ಲ, ಅದೇ ಜಾತಿಯ ವಸ್ತು. (ಬೆಣ್ಣೆದೋಸೆ ಊರಿನವರಿಗೆ ಆ ಹಂಚಿನ ಮೇಲೆ ಹೇಗೂ ಅಷ್ಟು ನಂಬಿಕೆಯಿಲ್ಲ.) 1986ರಲ್ಲಿ ಅಮೆರಿಕದ ವೀತ್ ಎಂಬ ಸರ್ಜನ್ ಮತ್ತು ಜೊತೆಗಾರರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಲೆಕ್ಕ ಹೊರಬಂತು. ಮೊಣಕಾಲಿನ ಕೆಳಗಿನ ಸಣ್ಣ ನಾಳಗಳಿಗೆ ಜೋಡಿಸಿದಾಗ, ನಾಲ್ಕು ವರ್ಷದ ಮೇಲೆ ತೆರೆದಿದ್ದದ್ದು ಸ್ವಂತ ನಾಳವಾದರೆ ನೂರಕ್ಕೆ 49, ಕೃತಕ ಕೊಳವೆಯಾದರೆ ನೂರಕ್ಕೆ 12. ಹನ್ನೆರಡು! ಸೆಕೆಂಡ್ ಹ್ಯಾಂಡ್ ಸ್ಕೂಟರಿಗೂ ಇದಕ್ಕಿಂತ ಹೆಚ್ಚು ಆಯುಷ್ಯ. ಆದ್ದರಿಂದ ಆಪರೇಷನ್ ಮುಂಚೆ ಕೇಳಲೇಬೇಕಾದ ಮೊದಲ ಮಾತು: "ಸ್ವಾಮಿ, ಹಾಕೋದು ಇವರ ಸ್ವಂತ ನಾಳವೋ, ಕೊಳವೆಯೋ? ಸ್ವಂತ ನಾಳ ಚೆನ್ನಾಗಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡಿದಿರಾ?" ಅದೇ ನಾಳವನ್ನು ಹೃದಯದ ಬೈಪಾಸಿಗೂ ಬಳಸ್ತಾರೆ. ಒಮ್ಮೆ ಅದಕ್ಕೆ ಖರ್ಚಾಗಿದ್ದರೆ ಕಾಲಿಗೆ ಉಳಿಯೋದು ಇನ್ನೊಂದು ಕಾಲಿನದ್ದು, ಇಲ್ಲವೇ ತೋಳಿನದ್ದು.

ಹಾಗಾದರೆ ಬಲೂನು? ಈಗ ಬಹಳ ಕಡೆ ಮೊದಲು ಕೇಳಿಬರುವುದೇ ಬಲೂನು, ಸ್ಟೆಂಟು. ಅದರ ಕಥೆಯೂ ಚೆನ್ನಾಗಿದೆ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಊರಿನಲ್ಲಿ 82 ವರ್ಷದ ಒಬ್ಬ ಅಜ್ಜಿಯ ಪಾದ ಕೊಳೆಯುತ್ತಿತ್ತು. ಕಾಲು ತೆಗೆಯಲು ಆಕೆ ಸುತರಾಂ ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ಡಾಕ್ಟರು ತೊಡೆಯ ನಾಳದೊಳಗೆ ಸಣ್ಣ ಕೊಳವೆ, ಅದರ ಮೇಲೊಂದು ದಪ್ಪ ಕೊಳವೆ ತೂರಿಸಿ ದಾರಿ ಅಗಲ ಮಾಡಿದ. ಪಾದ ಉಳಿಯಿತು. ಮುಂದೆ ಎರಡೂವರೆ ವರ್ಷದ ಮೇಲೆ ಬೇರೆ ಕಾರಣಕ್ಕೆ ಸಾಯುವ ತನಕ ಆಕೆ ತನ್ನೆರಡು ಕಾಲ ಮೇಲೆಯೇ ನಡೆದಳು. ಅಂದಿನಿಂದ ಚಾಕುವಿನವರಿಗೂ ಕೊಳವೆಯವರಿಗೂ ಜಗಳ ನಿಂತಿಲ್ಲ.

ಜಗಳ ತೀರಿಸಲು ಎರಡು ದೊಡ್ಡ ಪರೀಕ್ಷೆ ನಡೆದವು. ತಮಾಷೆಯೆಂದರೆ ಎರಡರ ತೀರ್ಪೂ ಬೇರೆ ಬೇರೆ. 2022ರ ನವೆಂಬರಿನಲ್ಲಿ ಬಂದದ್ದು ಅಮೆರಿಕ ಮತ್ತಿತರ ದೇಶಗಳ 1830 ರೋಗಿಗಳ ಲೆಕ್ಕ. ಒಳ್ಳೆಯ ಸ್ವಂತ ನಾಳ ಇದ್ದವರಲ್ಲಿ, ಬೈಪಾಸ್ ಮಾಡಿಸಿಕೊಂಡವರ ಪೈಕಿ ನೂರಕ್ಕೆ ಸುಮಾರು 43 ಜನ ಮುಂದಿನ ದಿನಗಳಲ್ಲಿ ಕಾಲು ಕಳೆದುಕೊಂಡರು, ಇಲ್ಲವೇ ದೊಡ್ಡ ಮರು ಆಪರೇಷನ್ನಿಗೆ ಹೋದರು, ಇಲ್ಲವೇ ಸತ್ತರು. ಬಲೂನಿನವರಲ್ಲಿ ಈ ಅಂಕಿ 57. ಚಾಕು ಗೆದ್ದಿತು. ಸ್ವಂತ ನಾಳ ಇಲ್ಲದವರಲ್ಲಿ ಮಾತ್ರ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆರು ತಿಂಗಳೊಳಗೆ, 2023ರಲ್ಲಿ, ಬ್ರಿಟನ್, ಸ್ವೀಡನ್, ಡೆನ್ಮಾರ್ಕಿನ 345 ರೋಗಿಗಳ ಲೆಕ್ಕ ಬಂತು. ಇವರದ್ದು ಮೊಣಕಾಲಿನಿಂದ ಕೆಳಗೂ ಇಳಿದ ರೋಗ. ಅಲ್ಲಿ ದೊಡ್ಡ ಅಂಗಚ್ಛೇದನ ಅಥವಾ ಸಾವು ಬೈಪಾಸ್ ಕಡೆ ನೂರಕ್ಕೆ 63, ಬಲೂನು ಕಡೆ 53. ಬಲೂನು ಗೆದ್ದಿತು, ಅದೂ ಮುಖ್ಯವಾಗಿ ಸಾವು ಕಡಿಮೆಯಾದ್ದರಿಂದ.

ಯಾರನ್ನು ನಂಬೋದು? ಇಬ್ಬರನ್ನೂ ನಂಬಬೇಕು. ಗಟ್ಟಿಮುಟ್ಟಾಗಿದ್ದು ಇನ್ನೂ ನಾಲ್ಕಾರು ವರ್ಷ ದುಡಿಯಬೇಕಾದವನಿಗೆ, ಒಳ್ಳೆಯ ಸ್ವಂತ ನಾಳವೂ ಇದ್ದರೆ, ಬೈಪಾಸಿಗೆ ಗಟ್ಟಿ ಕಾರಣ ಇದೆ. ಹೃದಯ ಸೋತು ಮೂತ್ರಪಿಂಡ ಕೈಕೊಟ್ಟಿರುವ ಎಂಬತ್ತರ ಅಜ್ಜನನ್ನು ನಾಲ್ಕೈದು ಗಂಟೆ ಟೇಬಲ್ ಮೇಲೆ ಮಲಗಿಸುವ ಮುಂಚೆ ಹತ್ತು ಸಲ ಯೋಚಿಸಬೇಕು. ವರ್ಷಗಟ್ಟಲೆ ಹಾಸಿಗೆ ಹಿಡಿದು ಮೊಣಕಾಲು ಮಡಚಿಯೇ ಹೋದವರಿಗೆ ಬೈಪಾಸೂ ಬೇಡ, ಬಲೂನೂ ಬೇಡ, ಕಾಲು ತೆಗೆದು ನೋವಿನಿಂದ ಬಿಡಿಸುವುದೇ ದಯೆ. ಇದನ್ನು ಬಾಯಿಬಿಟ್ಟು ಹೇಳುವ ಡಾಕ್ಟರು ಸಿಕ್ಕರೆ ಆತ ಒಳ್ಳೆಯ ಡಾಕ್ಟರು. ಯಾವ ಡಾಕ್ಟರ ಕೈಯಲ್ಲಿ ಬಲೂನು ಮಾತ್ರ ಇದೆಯೋ ಆತ ಬಲೂನನ್ನೇ ಹೊಗಳುವುದು ಲೋಕರೂಢಿ. ಬಟ್ಟೆ ಅಂಗಡಿಯವನು ಎಂದಾದರೂ ಪಾತ್ರೆ ತಗೊಳ್ಳಿ ಅಂದಾನೆಯೇ? ಇನ್ನೊಬ್ಬರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ, ಪಾದ ಕಪ್ಪಗಾಗುವ ಮುಂಚೆ ಕೇಳಬೇಕು ಅಷ್ಟೆ.

ಇನ್ನೊಂದು ಕಡೆ ಬೇರೆ ಥರದ ಅವಸರ. ನಡೆದಾಗ ಮಾತ್ರ ನೋಯುವ, ಗಾಯ ಇಲ್ಲದ, ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುವ ಮನುಷ್ಯನಿಗೆ ಆಪರೇಷನ್ನು ಮೊದಲ ಮದ್ದೇ ಅಲ್ಲ. ಇಂಥವರಲ್ಲಿ ಕಾಲು ಕಳೆದುಕೊಳ್ಳುವವರು ಬಹಳ ಕಡಿಮೆ. ಅವರಿಗೆ ಕಾಲಿಗಿಂತ ಹೆಚ್ಚಿನ ಅಪಾಯ ಹೃದಯಕ್ಕೆ, ಮಿದುಳಿಗೆ. ಅವರಿಗೆ ಬೇಕಾದದ್ದು ಕೊಬ್ಬಿಳಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆ, ಸಕ್ಕರೆ ಬಿ.ಪಿ. ಹತೋಟಿ, ತಂಬಾಕಿಗೆ ವಿದಾಯ, ಮತ್ತೆ ನಡಿಗೆ. ಹೌದು, ನಡಿಗೆಯೇ. ನೋವು ಬರುವ ತನಕ ನಡೆಯುವುದು, ನಿಲ್ಲುವುದು, ಇಳಿದ ಮೇಲೆ ಮತ್ತೆ ನಡೆಯುವುದು. ವಾರಕ್ಕೆ ಮೂರು ದಿನವಾದರೂ, ಅರ್ಧ ಮುಕ್ಕಾಲು ಗಂಟೆ, ಕನಿಷ್ಠ ಮೂರು ತಿಂಗಳು. ಇಷ್ಟು ಮಾಡಿದವರ ನಡೆಯುವ ದೂರ ಹೆಚ್ಚುವುದು ಮತ್ತೆ ಮತ್ತೆ ಸಾಬೀತಾಗಿದೆ. ಇದಕ್ಕೆ ಬಿಲ್ಲಿಲ್ಲ. ಬಿಲ್ಲಿಲ್ಲದ್ದಕ್ಕೆ ಗೌರವವೂ ಇಲ್ಲ.

ತಂಬಾಕಿನ ಮಾತು ಬಂತು. ಗಲ್ಲಾ ಹತ್ತಿರ ಬೀಡಿ ಕಟ್ಟು ಪೇರಿಸಿಟ್ಟುಕೊಂಡವರು ಮುಖ ಆ ಕಡೆ ತಿರುಗಿಸಬಾರದು. ಬೈಪಾಸ್ ಆದ ಮೇಲೂ ಸೇದುವವರಲ್ಲಿ ಹಾಕಿದ ನಾಳ ಕೆಡುವ ಸಂಭವ ಸುಮಾರು ಮೂರು ಪಟ್ಟು ಎಂದು ಹಲವು ಅಧ್ಯಯನ ಕೂಡಿಸಿ ನೋಡಿದವರು 2005ರಲ್ಲೇ ಬರೆದಿದ್ದಾರೆ. ಆಪರೇಷನ್ ಆದ ಮೇಲೆ ಬಿಟ್ಟರೂ ಲಾಭ ಇದೆ ಎನ್ನುವುದೂ ಅದೇ ಬರಹದಲ್ಲಿದೆ. ಲಕ್ಷಗಟ್ಟಲೆ ಖರ್ಚಿನ ರಿಪೇರಿಯನ್ನು ಒಂದು ಕಟ್ಟು ಬೀಡಿ ಹಾಳುಮಾಡುತ್ತದೆ.

ಇದಕ್ಕೂ ಕೆಟ್ಟದ್ದು ಇನ್ನೊಂದಿದೆ. ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದ್ದರಿಂದ ಅವನ ಹೆಸರಲ್ಲೇ ಕರೆಯುವ ಕಾಯಿಲೆ. ನಲವತ್ತರೊಳಗಿನ, ಮೂವತ್ತರ ಹುಡುಗರಿಗೇ ಬರುತ್ತದೆ. ಸಕ್ಕರೆ ಇಲ್ಲ, ಕೊಬ್ಬಿಲ್ಲ, ಬರೀ ತಂಬಾಕು. ಬೀಡಿ ಸೇದುವ ನಾಡುಗಳಲ್ಲಿ ಇದು ಹೆಚ್ಚು, ಈ ದೇಶವೂ ಅದರಲ್ಲಿ ಸೇರಿದೆ. ಪಾದದ, ಬೆರಳಿನ ತೀರ ಸಣ್ಣ ನಾಳಗಳೇ ಮುಚ್ಚುವುದರಿಂದ ಬೈಪಾಸಿನ ಕೆಳತುದಿ ಹೊಲಿಯಲು ಜಾಗವೇ ಸಿಗುವುದಿಲ್ಲ. ಸರ್ಜನ್ ಎಷ್ಟೇ ಗಟ್ಟಿಗನಾದರೂ ಸೇರುವ ರಸ್ತೆಯೇ ಇಲ್ಲದ ಮೇಲೆ ಬೈಪಾಸು ಎಲ್ಲಿಗೆ? ಇಲ್ಲಿ ಪೂರ್ತಿ ಬಿಟ್ಟವನ ಕಾಲು ಬಹುಪಾಲು ಉಳಿಯುತ್ತದೆ. "ದಿನಕ್ಕೆ ಎರಡೇ" ಎನ್ನುವವನದು ಬೆರಳು ಬೆರಳಾಗಿ ಹೋಗುತ್ತದೆ. ಸೇದುವುದರ ಬದಲು ಜಗಿಯುವ ತಂಬಾಕಿಗೆ ಇಳಿದರೂ ಉಪಯೋಗವಿಲ್ಲ. ಶಾಲೆಯಿಂದ ನೂರು ಗಜದೊಳಗೆ ಮಾರಬಾರದು ಎಂದು 2003ರ ಕಾನೂನಿದೆ. ಆ ನೂರು ಗಜವನ್ನು ಯಾರು ಅಳೆದಿದ್ದಾರೋ ಪಾಲಿಕೆಯವರೇ ಹೇಳಬೇಕು.

ಈಗ ಖರ್ಚು. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಇದೆ, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಕಾರ್ಡು ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಆದರೆ ರಕ್ತನಾಳದ ಆಪರೇಷನ್ನಿನಲ್ಲೇ ಪಳಗಿದ ಸರ್ಜನ್ನರು ಹೆಚ್ಚಾಗಿ ಇರುವುದು ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ದಾವಣಗೆರೆಯಿಂದ 260 ಕಿಲೋಮೀಟರ್ ಆಚೆ. ಆಪರೇಷನ್ನು ಪುಕ್ಕಟೆ ಆದರೂ ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಹೋಗಿ ಬರುವ ಚಾರ್ಜು, ಅಂಗಡಿ ಬಾಗಿಲು ಹಾಕಿದ ನಷ್ಟ, ಇದು ಯಾವ ಕಾರ್ಡಿನಲ್ಲೂ ಇಲ್ಲ. 2023ರ ಜೂನಿನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಜೊತೆಗೆ ಹೋಗುವ ಹೆಂಡತಿಗೆ ಪುಕ್ಕಟೆ, ಕಾಲು ಎಳೆಯುತ್ತಾ ಹತ್ತುವ ಗಂಡನಿಗೆ ಪೂರ್ತಿ ಚಾರ್ಜು. ಹೆಂಗಸರ ಮೇಲೆ ಹೊಟ್ಟೆಕಿಚ್ಚಲ್ಲ. ತಪಾಸಣೆ ಚೀಟಿ ತೋರಿಸಿದ ರೋಗಿಗೂ ಅಷ್ಟು ಕೊಟ್ಟರೆ ಕೈಬಿಟ್ಟುಹೋಗುವ ಎಷ್ಟೋ ಕಾಲು ಉಳಿದಾವು.

ಬೈಪಾಸಿನ ಮಾತು ಬರುವ ಮುಂಚೆಯೇ ಈ ರೋಗ ಹಿಡಿಯಲು ಬೇಕಾದ ಸಾಮಾನು ಏನು ಗೊತ್ತೇ? ಬಿ.ಪಿ. ಪಟ್ಟಿ, ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಯಂತ್ರ, ಮತ್ತೊಬ್ಬ ತರಬೇತಾದ ನರ್ಸಮ್ಮ. ಹಿಮ್ಮಡಿ ಹತ್ತಿರದ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿ 0.9ಕ್ಕಿಂತ ಕಡಿಮೆ ಬಂದರೆ ನಾಳದಲ್ಲಿ ಅಡಚಣೆ ಇದೆ ಅಂತ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಲೆಕ್ಕ ತಪ್ಪಬಹುದು, ಅವರಿಗೆ ಬೇರೆ ಪರೀಕ್ಷೆ ಬೇಕಾಗುತ್ತದೆ. ಹತ್ತು ನಿಮಿಷದ ಕೆಲಸ. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವಾರಕ್ಕೊಂದು ದಿನ ಸಕ್ಕರೆ ರೋಗಿಗಳ ಚಪ್ಪಲಿ, ಕಾಲುಚೀಲ ಬಿಚ್ಚಿಸಿ ಪಾದ ನೋಡುವ ಏರ್ಪಾಡು ಮಾಡಲು ವಿಧಾನಸೌಧದ ಕಟ್ಟಡ ಬೇಕಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಬೇಕು, ಜಿಲ್ಲೆಯ ಪ್ರತಿನಿಧಿಗಳು ಕೇಳಬೇಕು. ಶಿಬಿರದಲ್ಲಿ ಹಾರ ಹಾಕಿಸಿಕೊಳ್ಳಲು ಬರುವವರು ಆ ದಿನ ಒಂದು ಪಾದವನ್ನಾದರೂ ಮುಟ್ಟಿ ನೋಡಲಿ.

ಕೊನೆಗೆ ಊರಿನದ್ದೇ ಒಂದು ತಕರಾರು. ನಡೆಯಿರಿ ಅಂತ ಡಾಕ್ಟರು ಹೇಳ್ತಾರೆ. ಎಲ್ಲಿ ನಡೀಬೇಕು? ಗಾಂಧಿ ಸರ್ಕಲ್ಲಿನಿಂದ ಮಂಡಿಪೇಟೆಗೆ ಹೋಗುವಾಗ ಫುಟ್‌ಪಾತ್ ಎನ್ನುವುದನ್ನು ಹುಡುಕಬೇಕು. ಪ್ಲಾಸ್ಟಿಕ್ ಕೊಡ, ಚಪ್ಪಲಿ ಸ್ಟ್ಯಾಂಡು, ಬೋರ್ಡು, ಅದರ ಮುಂದೆ ಬೈಕು. ಅಂಗಡಿಯವರು ವ್ಯಾಪಾರ ಮಾಡಬೇಡಿ ಅಂತ ಯಾರೂ ಅನ್ನೋದಿಲ್ಲ. ಮೂರಡಿ ಒಳಗೆ ಸರಿಸಿಕೊಂಡು ಮಾಡಲಿ. ಹಾಗೇ, ಕೊಳ್ಳದೆ ಸೀರೆ ನೋಡುತ್ತಾ ನಿಲ್ಲುವ ಆ ಗಿರಾಕಿ ನಾಳೆ ಮತ್ತೆ ಬಂದರೆ ಒಂದು ಸ್ಟೂಲು ಹೊರಗಿಡಲಿ. ಕೂತ ಮೇಲೆ ಕೇಳಲಿ: "ಯಜಮಾನ್ರೇ, ಎಷ್ಟು ದೂರ ನಡೆದ್ರೆ ನೋವು ಬರುತ್ತೆ?"